ಹಣೆ ಒತ್ತಿದ ಬಟ್ಟೆ

ಮಾರ್ಚ್ 3

ತಮ್ಮನಿಗೆ,

ಪೆನ್ನು ಹಿಡಿದರೆ ನನ್ನ ಬೆರಳು ಸೆಟೆದುಕೊಳ್ಳುತ್ತೆ ಅಂತ ಗೊತ್ತಿದ್ದೂ ಬರಿ ಬರಿ ಅಂತ ಪ್ರಾಣ ತಿಂತೀಯ. ನಾಲ್ಕನೇ ಕ್ಲಾಸಿಗೇ ಸ್ಲೇಟು ಕೆಳಗಿಟ್ಟವಳು ನಾನು. ಫೋನು ಕಿವಿಗೆ ಒತ್ತಿಕೊಂಡರೆ ನಿನ್ನ ಮಾತು ತಗಡಿನ ಡಬ್ಬಿಯಲ್ಲಿ ಸಿಕ್ಕಿಕೊಂಡ ಜೀರುಂಡೆ ಥರ ಕೇಳುತ್ತೆ, ಅದಕ್ಕೇ ಈ ಶಿಕ್ಷೆ. ಮೊಬೈಲಲ್ಲಿ ಒತ್ತಿ ಕಳಿಸಲಿ ಅಂತ ಪಕ್ಕದ ಮನೆಯವಳ ಹತ್ತಿರ ಹೇಳಿ ಕಳಿಸಿದ್ದೆಯಲ್ಲ, ಆ ಸಾಸಿವೆ ಕಾಳಿನಂಥ ಅಕ್ಷರ ನೀನೇ ಒತ್ತಿಕೋ. ತಪ್ಪಿದ್ದರೆ ತಿದ್ದಿಕೊಂಡು ಓದು. ನಗಬೇಡ.

ಬಟ್ಟೆ ಬಂತು. ನಿನ್ನ ಹಳೇ ರೇಡಿಯೋಗಳ ಮುಖದ ಬಟ್ಟೆ ಎಷ್ಟು ತೊಳೆದಿಲ್ಲ ನಾನು, ಆದರೆ ಇದನ್ನು ಬಿಚ್ಚಿದವನ ಕೈಗೆ ಬರೆ ಹಾಕಬೇಕು. ಬಡಗಿ ಅಂಟು ಹಾಕಿದ ಬಟ್ಟೆನ ಒಣಗಿದ್ದ ಹಾಗೇ ಎಳೀಬಾರದು, ಅಂಚಿಗೆ ಒದ್ದೆ ಬಟ್ಟೆ ಇಟ್ಟು ಅಂಟು ಮೆತ್ತಗಾಗೋವರೆಗೆ ಕಾಯಬೇಕು ಅಂತ ಎಷ್ಟು ಸಲ ಬಡ್ಕೊಂಡಿದ್ದೀನಿ. ಮೇಲಿನ ಅಂಚಲ್ಲಿ ನಾಲ್ಕು ಕಡೆ ನೂಲು ಹರಿದಿದೆ. ಇನ್ನೊಂದು ಸಲ ಹೀಗೆ ಕಳಿಸಿದರೆ ಗೋಣಿಚೀಲ ಕತ್ತರಿಸಿ ಕಳಿಸ್ತೀನಿ, ಅದನ್ನೇ ಅಂಟಿಸು.

ಬಟ್ಟೆ ಒಳ್ಳೇದು. ಕಂದು ನೂಲು, ನಡುವೆ ಚಿನ್ನದ ಬಣ್ಣದ ಎಳೆ. ನಮ್ಮನೇಲಿದ್ದ ರೇಡಿಯೋಗೂ ಇಂಥದ್ದೇ ಇತ್ತು, ಆ ಕಾಲದಲ್ಲಿ ಯಾರ ಮನೆಗೆ ಹೋದರೂ ಇಂಥದ್ದೇ. ನಡುವೆ ತಟ್ಟೆಯಷ್ಟು ಗುಂಡಗೆ ಕಪ್ಪಾಗಿದೆ. ಅದು ಸ್ಪೀಕರಿನ ಉಸಿರು, ಎಲ್ಲದರಲ್ಲೂ ಇರುತ್ತೆ, ಹೋಗುತ್ತೆ. ಅದರ ಮೇಲುಗಡೆ, ಸ್ವಲ್ಪ ಎಡಕ್ಕೆ, ಇನ್ನೊಂದು ಕಲೆ ಇದೆ. ಅಂಗೈ ಅಗಲ, ಎಣ್ಣೆ ಜಿಡ್ಡು. ಇದು ಸ್ಪೀಕರಿನದ್ದಲ್ಲ, ಮನುಷ್ಯರದ್ದು. ಕೆಳಗೆ ಮೂಲೆಯಲ್ಲಿ, ಹರಿದ ಜಾಗಕ್ಕೆ ನೂಲು ನೇಯ್ದು ಮುಚ್ಚಿದ ಒಂದು ಹಳೇ ರಫು. ಧೂಳು ಕೂತು ಸರಿಯಾಗಿ ಕಾಣಲ್ಲ.

ಮೊದಲು ಧೂಳು ತೆಗೀತೀನಿ. ನೀರಲ್ಲಿ ಮುಳುಗಿಸಲ್ಲ, ಮುಳುಗಿಸಿದರೆ ಎರಡು ಬೆರಳು ಕುಗ್ಗಿ ನಿನ್ನ ಪೆಟ್ಟಿಗೆಗೆ ಸಾಲಲ್ಲ. ಚೌಕಟ್ಟಿಗೆ ಪಿನ್ನು ಹೊಡೆದು ಗೋಡೆಗೆ ಒರಗಿಸಿಟ್ಟಿದ್ದೀನಿ, ಅಪ್ಪ ಅಮ್ಮ ಅಣ್ಣ ಮೂರೂ ಫೋಟೋ ಕೆಳಗೆ. ಅಲ್ಲಿ ಬಿಸಿಲು ಬೀಳಲ್ಲ.

ಒಂದು ಮಾತು. ಸತ್ತವರ ಮನೆ ಬಟ್ಟೆ ನಾನು ತೊಳೆಯಲ್ಲ ಅಂತ ನಿನಗೆ ಗೊತ್ತು. ಲಾಂಡ್ರಿಯಲ್ಲಿದ್ದಾಗ ಬೇಕಾದಷ್ಟು ತೊಳೆದೆ, ಆ ವಾಸನೆ ಸಾಬೂನಿಗೆ ಬಗ್ಗಲ್ಲ. ಇದು ಯಾರದ್ದು, ಎಲ್ಲಿಂದ ಬಂತು, ನೆಟ್ಟಗೆ ಬರಿ.

ಅಕ್ಕ

*

ಮಾರ್ಚ್ 11

ಪ್ರೀತಿಯ ಅಕ್ಕ,

ನಿನ್ನ ಕಾಗದ ಓದಿ ಕೈ ಉಜ್ಜಿಕೊಂಡೆ, ನಿಜವಾಗಲೂ ಬರೆ ಬಿದ್ದ ಹಾಗಾಯಿತು. ಅವಸರದಲ್ಲಿ ಎಳೆದೆ, ತಪ್ಪಾಯಿತು. ಗೋಣಿಚೀಲ ಬೇಡ.

ಯಾರದ್ದು ಅಂತ ಯಾಕೆ ತಲೆ ಕೆಡಿಸಿಕೊಳ್ತೀಯ? ಗುಜರಿಯವನ ಗೋದಾಮಿನಲ್ಲಿ ವರ್ಷಾನುಗಟ್ಟಲೆ ಬಿದ್ದಿತ್ತು. ಯಾರೂ ಸತ್ತಿಲ್ಲ, ಇಲಿ ಸತ್ತಿದ್ದರೆ ಗೊತ್ತಿಲ್ಲ.

ಪೆಟ್ಟಿಗೆ ಮಾತ್ರ ನೋಡಬೇಕು ನೀನು, ಒಳ್ಳೇ ಮರ. ಪಾಲಿಶ್ ಮುಗಿಯಿತು. ವಾಲ್ವು ಒಂದು ಹೋಗಿತ್ತು, ಹಾಕಿದೆ. ಆನ್ ಮಾಡಿದರೆ ಮೊದಲು ಒಂದು ಗುಂಯ್ ಬರುತ್ತೆ, ಆಮೇಲೆ ದೂರದಿಂದ ಯಾರೋ ನಡೆದುಕೊಂಡು ಬಂದ ಹಾಗೆ ದನಿ ಬರುತ್ತೆ. ಹೊಸ ಸೆಟ್ಟುಗಳಿಗೆ ಆ ಗಂಟಲು ಎಲ್ಲಿದೆ?

ಕೆಲಸ ಇಷ್ಟೇ. ಆ ಜಿಡ್ಡಿನ ಕಲೆ ಪೂರ್ತಿ ಹೋಗಬೇಕು. ಮೂಲೆಯ ರಫು ಯಾರೋ ಕೈಲಾಗದವರು ಹಾಕಿದ್ದು, ನೋಡೋಕೆ ಅಸಹ್ಯ. ಅದನ್ನು ಕಿತ್ತು ನಿನ್ನ ಕೈಯಲ್ಲಿ ಹೊಸದಾಗಿ ಹಾಕು. ತಿಂಗಳ ಕೊನೆಗೆ ಸಿಕ್ಕಿದರೆ ಉಪಕಾರ.

ಕಿವಿಗೆ ಮಿಷನ್ ಹಾಕಿಸಿಕೋ ಅಂದರೆ ಕೇಳಲ್ಲ. ಈ ಕಾಗದದಲ್ಲಾದರೂ ಕೇಳಿಸಿತಾ?

ನಿನ್ನ ತಮ್ಮ

*

ಮಾರ್ಚ್ 17

ತಮ್ಮನಿಗೆ,

ಸುಳ್ಳು ಹೇಳೋಕೂ ಒಂದು ಕಸುಬು ಬೇಕು, ಅದು ನಿನಗಿಲ್ಲ.

ಗೋದಾಮಿನ ಧೂಳು ಮಣ್ಣಿನ ಧೂಳು, ಬ್ರಷ್ ಆಡಿಸಿದರೆ ಜರಜರ ಉದುರುತ್ತೆ. ಇದರಲ್ಲಿ ಬಂದದ್ದು ಮನೆ ಧೂಳು, ಹತ್ತಿ ಥರ ಉಂಡೆ ಕಟ್ಟಿಕೊಂಡು. ಕಂಬಳಿ ಇರೋ, ಕಿಟಕಿ ತೆಗೆಯದ ಕೋಣೆ. ಅದು ಬಿಡು. ಜಿಡ್ಡಿನ ಮೇಲೆ ಸೀಮೆಸುಣ್ಣದ ಪುಡಿ ಹರಡಿ, ಹಿಂದೆ ಮಸಿ ಹೀರೋ ಕಾಗದ ಇಟ್ಟು, ಭಾರ ಹೇರಿ ಬಿಟ್ಟೆ. ಬೆಳಿಗ್ಗೆ ನೋಡಿದರೆ ಪುಡಿ ಹಳದಿಯಾಗಿ ನೆಂದು ಹೋಗಿದೆ. ಹಳೇ ಎಣ್ಣೆ ಹಾಗೆ ಬಿಡಲ್ಲ ಮಾರಾಯ, ಅದು ಅರಗಿನ ಥರ ನೂಲಿಗೆ ಕಚ್ಚಿಕೊಂಡಿರುತ್ತೆ. ಮೇಲಿದ್ದದ್ದು ಹೊಸದು. ಈ ಚಳಿಗಾಲದ್ದು. ಆ ಪುಡಿ ಕೊಡವಿ ಮೋರಿಗೆ ಚೆಲ್ಲಿದೆ. ಕೆಳಗೆ ಇನ್ನೊಂದು ಪದರ ಇದೆ, ಅದು ತುಂಬಾ ಹಳೇದು, ಗಟ್ಟಿ, ಅದೇ ಆಕಾರ. ಕಾಲ ಬೇರೆ, ಜಾಗ ಅದೇ.

ಅದು ಯಾವುದರ ಕಲೆ ಅಂತ ಬಲ್ಲೆ. ಹಣೆಯದ್ದು.

ಹೇಗೆ ಬಲ್ಲೆ ಅಂದರೆ, ನಾನೂ ಅದನ್ನೇ ಮಾಡ್ತೀನಿ. ನಗು ಬೇಕಾದರೆ. ಕಿವಿಗೆ ಸರಿಯಾಗಿ ಏನೂ ಬೀಳದಾದ ಮೇಲೆ ಒಂದು ಸಲ ರೇಡಿಯೋ ಒರೆಸೋವಾಗ ಹಣೆ ತಾಗಿತು. ವಾರ್ತೆ ಓದೋವಳ ದನಿ ತಲೆಬುರುಡೆಯೊಳಗೆ ಬಂತು. ಪೂರ್ತಿ ಮಾತಲ್ಲ, ಆದರೂ ಮನುಷ್ಯರ ದನಿ. ಅವತ್ತಿಂದ ದಿನಾ ಮುಂದೆ ಕೂತು ಹಣೆ ಒತ್ತಿಕೊಳ್ತೀನಿ. ಪಕ್ಕದ ಮನೆಯವಳು ಒಂದು ದಿನ ನೋಡಿ ತಲೆಸುತ್ತು ಬಂತಾ ಅಂತ ಓಡಿ ಬಂದಳು.

ನಮ್ಮಮ್ಮ ಹೀಗೇ ಕೂರ್ತಿದ್ದಳು. ನೀನು ಆಗ ತೊಟ್ಟಿಲಲ್ಲಿ. ನೀನು ಹುಟ್ಟಿದ ಮೇಲೆ ಅವಳನ್ನು ಎರಡು ಮೂರು ಸಲ ಕೂಗಬೇಕಾಗ್ತಿತ್ತು, ಅಸಡ್ಡೆ ಅಂತ ಅಪ್ಪ ಬೈತಿದ್ದ. ಮಧ್ಯಾಹ್ನ ಕೆಲಸ ಮುಗಿಸಿ ರೇಡಿಯೋಗೆ ಹಣೆ ಕೊಟ್ಟು ಕಣ್ಣು ಮುಚ್ಚಿಕೊಂಡು ಕೂತಿರೋಳು. ಅಮ್ಮ ರೇಡಿಯೋ ಮೇಲೇ ನಿದ್ದೆ ಹೊಡೀತಾಳೆ ಅಂತ ನಾನೂ ಅಣ್ಣನೂ ನಗ್ತಿದ್ವಿ. ಅವಳಿಗೆ ಕಿವಿ ಕೇಳ್ತಿರಲಿಲ್ಲ. ನನ್ನ ಕಿವಿ ಹೋದ ಮೇಲೆ ಗೊತ್ತಾಯಿತು ನೋಡು. ಅವಳು ಹೋದ ಮೇಲೆ ಅಪ್ಪ ಆ ರೇಡಿಯೋ ಮಾರ್ತೀನಿ ಅಂದ. ಅಣ್ಣ ಬೇಡ ಅಂದ. ಅಪ್ಪ ಬೆಲ್ಟು ತೆಗೆದ. ಮಾರನೇ ಬೆಳಿಗ್ಗೆ ಅಣ್ಣನೂ ಇರಲಿಲ್ಲ, ರೇಡಿಯೋನೂ ಇರಲಿಲ್ಲ. ಆಮೇಲೆ ಅವನ ಕಥೆ ಏನಾಯಿತು ಅಂತ ನಿನಗೆ ಗೊತ್ತೇ ಇದೆ, ಫೋಟೋ ಗೋಡೆ ಮೇಲಿದೆ.

ಯಾಕೆ ಇದೆಲ್ಲ ಬರೆದೆನೋ. ಈ ಬಟ್ಟೆ ಕೋಣೆಯಲ್ಲಿದ್ದರೆ ಹಾಗೇ ಆಗುತ್ತೆ. ತೇವ ಮಾಡಿದಾಗ ಬೇರೆಲ್ಲ ತಿಳಿಯಾಗಿ ಆ ಕಲೆ ಮಾತ್ರ ಕಪ್ಪಗೆ ಎದ್ದು ಬರುತ್ತೆ, ಯಾರೋ ಆ ಕಡೆಯಿಂದ ಹಣೆ ಕೊಟ್ಟು ನಿಂತ ಹಾಗೆ. ನಿನ್ನೆ ಚೌಕಟ್ಟನ್ನು ಗೋಡೆ ಕಡೆ ತಿರುಗಿಸಿಟ್ಟೆ. ನನ್ನಂಥವಳು. ಲಾಂಡ್ರಿಯಲ್ಲಿ ರಕ್ತದ ಬಟ್ಟೆ ತೊಳೆದವಳು.

ರಫು ಇನ್ನೂ ಮುಟ್ಟಿಲ್ಲ, ಮೋಡ ಇದೆ, ಬೆಳಕು ಸಾಲದು. ಬಿಸಿಲು ಬಂದ ದಿನ ಕೀಳ್ತೀನಿ. ಅಷ್ಟರಲ್ಲಿ ಯಾರ ಹಣೆ ಅಂತ ಬರಿ. ಸತ್ತಿದ್ದರೆ ಸತ್ತಿದ್ದಾರೆ ಅಂತ ಬರಿ.

ಅಕ್ಕ

*

ಮಾರ್ಚ್ 25

ಅಕ್ಕ,

ನಿನ್ನ ಹತ್ತಿರ ಗೆದ್ದವರುಂಟೇ? ಸೋತೆ. ಗೋದಾಮೂ ಇಲ್ಲ, ಗುಜರಿಯವನೂ ಇಲ್ಲ. ಸತ್ತವರ ಮನೆದು ಅಂತ ನೀನು ಅನುಮಾನ ಪಡ್ತೀಯ, ಕೆಲಸ ನಿಲ್ಲುತ್ತೆ ಅಂತ ಹಾಗೆ ಬರೆದೆ. ಗಿರಾಕಿ ಬದುಕಿದ್ದಾರೆ. ಬದುಕಿದ್ದಾರೆ ಅನ್ನೋಕೆ ಉಸಿರಾಡ್ತಾರೆ ಅನ್ನೋದಷ್ಟೇ ಸಾಕ್ಷಿ. ವಯಸ್ಸಾದವರು, ಪೂರಾ ಕಿವುಡು, ಬಾಯಿ ಬಿಡೋದಿಲ್ಲ. ಜೇಬಲ್ಲಿ ಚೀಟಿ ಪೆನ್ಸಿಲ್ಲು ಇಟ್ಟುಕೊಂಡು ಬರೆದು ತೋರಿಸ್ತಾರೆ. ನಾನು ರಿಪೇರಿ ವಿವರಿಸಿದರೆ ನನ್ನ ಕೈ ನೋಡಬೇಕು ತಾನೇ? ಮುಖ ನೋಡ್ತಾರೆ. ಮೊದಲನೇ ದಿನ ಅಂಗಡಿ ಬಾಗಿಲಲ್ಲಿ ನನ್ನ ನೋಡಿ ಎರಡು ಹೆಜ್ಜೆ ಹಿಂದೆ ಹೋದರು. ಸಾಲ ಕೊಟ್ಟವನನ್ನ ನೋಡಿದ ಹಾಗೆ. ಅಂಗಡಿಯಲ್ಲೇ ಇದ್ದ ನನ್ನವಳು ಹೇಳಿದಳು, ನಿಮ್ಮ ಮೀಸೆ ನೋಡಿ ಪೊಲೀಸು ಅಂದುಕೊಂಡಿರಬೇಕು ಅಂತ.

ಬಟ್ಟೆ ಯಾರು ತೊಳೀತಾರೆ ಅಂತ ಬರೆದು ಕೇಳಿದರು. ನನ್ನ ಅಕ್ಕ, ದೂರದಲ್ಲಿದ್ದಾಳೆ ಅಂತ ಬರೆದೆ. ಆ ಚೀಟಿ ತುಂಬಾ ಹೊತ್ತು ಹಿಡಿದುಕೊಂಡು ನಿಂತರು. ಆಮೇಲೆ ಕೇಳಿದ್ದು ಕೇಳು: ‘ಅವರು ನೂಲು ಹಲ್ಲಲ್ಲಿ ಕಡೀತಾರಾ?’ ಎಂಜಲು ಕಲೆ ಆಗುತ್ತೆ ಅಂತ ಭಯ ಇರಬೇಕು. ಇಲ್ಲ, ಕತ್ತರಿ ಇದೆ ಅಂತ ಸಮಾಧಾನ ಮಾಡಿದೆ. ನೀನು ಕಡೀತೀಯ ಅಂತ ಹೇಳೋಕಾಗುತ್ತಾ?

ಒಂದು ಫಜೀತಿ ಆಗಿದೆ. ಮೊನ್ನೆ ಬಂದು ಇನ್ನೊಂದು ಚೀಟಿ ಕೊಟ್ಟರು. ‘ಮೂಲೆಯ ರಫು ಮುಟ್ಟಬಾರದು. ಬೇರೆ ಏನು ಬೇಕಾದರೂ ಮಾಡಿ.’ ಕೆಳಗೆ ಎರಡು ಗೆರೆ. ಕಿತ್ತುಬಿಟ್ಟಿದ್ದೀಯಾ? ಕಿತ್ತಿದ್ದರೆ ಬರಿ, ಏನಾದರೂ ಸುಳ್ಳು ಹುಡುಕೋಣ. ನನಗೆ ಆ ಕಸುಬು ಇಲ್ಲ ಅಂದೆಯಲ್ಲ, ನೀನೇ ಹುಡುಕು.

ತಡವಾಗುತ್ತೆ ಅಂತ ಹೇಳೋಕೆ ನಿನ್ನೆ ಅವರ ಕೋಣೆಗೆ ಹೋಗಿದ್ದೆ. ಮಾರ್ಕೆಟ್ಟಿನ ಹಿಂದಿನ ಬೀದಿ, ಮೇಲ್ಮಹಡಿ, ಒಂದೇ ಕಿಟಕಿ, ಅದಕ್ಕೂ ಕಂಬಳಿ ಹೊದಿಸಿದ್ದಾರೆ. ಧೂಳಿನ ವಿಷಯದಲ್ಲಿ ನೀನು ಹೇಳಿದ್ದು ನಿಜ. ಬಾಗಿಲು ತೆರೆದೇ ಇತ್ತು. ಅವರು ಗೋಡೆ ಕಡೆ ಮುಖ ಮಾಡಿ ನೆಲದ ಮೇಲೆ ಕೂತಿದ್ದರು, ಹಣೆ ಗೋಡೆಗೆ ಒತ್ತಿಕೊಂಡು. ಹೋಗಿಯೇಬಿಟ್ಟರಾ ಅಂದುಕೊಂಡು ಹತ್ತಿರ ಹೋದೆ. ಆಮೇಲೆ ಕೇಳಿಸಿತು, ಗೋಡೆಯಾಚೆ ಪಕ್ಕದ ಮನೆಯವರ ರೇಡಿಯೋ ಹಾಡ್ತಾ ಇತ್ತು. ನಿಮ್ಮಿಬ್ಬರಿಗೂ ಒಂದೇ ಕಾಯಿಲೆ, ಒಬ್ಬರಿಗೊಬ್ಬರನ್ನು ಪರಿಚಯ ಮಾಡಿಸಬೇಕು. ನನ್ನ ನೆರಳು ಗೋಡೆ ಮೇಲೆ ಬಿದ್ದಾಗ ತಿರುಗಿದರು. ಕೈ ತಲೆಗೆ ಅಡ್ಡ ಹಿಡಿದರು, ಹೊಡೀತಾರೇನೋ ಅನ್ನೋ ಹಾಗೆ. ಪಾಪ, ಸ್ವಲ್ಪ ಅರಳುಮರಳು.

ಕೆಮ್ಮು ಜೋರಿದೆ. ಬೇಗ ಮುಗಿಸಿದರೆ ಒಳ್ಳೇದು.

ನಿನ್ನ ತಮ್ಮ

*

ಏಪ್ರಿಲ್ 6

ಅಕ್ಕ,

ಕಾಗದವೂ ಇಲ್ಲ, ಬಟ್ಟೆಯೂ ಇಲ್ಲ. ಪಕ್ಕದ ಮನೆಯವರಿಗೆ ಫೋನ್ ಮಾಡಿದೆ. ನೀನು ಬಾಗಿಲು ತೆಗೆದು, ಚೆನ್ನಾಗಿದ್ದೀನಿ ಅಂದು, ಮತ್ತೆ ಹಾಕಿಕೊಂಡೆಯಂತೆ. ನಾನು ಏನು ತಪ್ಪು ಬರೆದೆ? ಕಾಯಿಲೆ ಅಂದದ್ದಕ್ಕೆ ಸಿಟ್ಟಾ? ತಮಾಷೆಗೆ ಅಂದದ್ದು.

ಗಿರಾಕಿ ಮೊನ್ನೆ ಬಂದಿದ್ದರು, ಗೋಡೆ ಹಿಡಿದುಕೊಂಡು. ಬಟ್ಟೆ ಬಂತಾ ಅಂತ ಕೇಳಲಿಲ್ಲ. ಖಾಲಿ ಪೆಟ್ಟಿಗೆಯೊಳಗೆ ಕೈ ಹಾಕಿ ಒಳಗಿನ ಮರ ಸವರಿ ಕೂತಿದ್ದರು. ನನ್ನವಳು ಕಾಫಿ ಕೊಟ್ಟಳು, ಅವಳ ಮುಖ ನೋಡಿ ನಕ್ಕರು, ನನ್ನ ನೋಡಿದ ಕೂಡಲೇ ನಗು ನಿಂತಿತು. ಹೋಗುವಾಗ ಒಂದು ಚೀಟಿ ಇಟ್ಟು ಹೋದರು. ‘ಅವಸರ ಇಲ್ಲ ಅಂತ ಅವರಿಗೆ ಬರೆಯಿರಿ. ಆಗದಿದ್ದರೆ ಹಾಗೇ ಕಳಿಸಲಿ.’ ಅವಸರ ಇಲ್ಲ ಅಂತ ಬರೆದಿದ್ದರೂ ಆ ಮನುಷ್ಯ ಜಾಸ್ತಿ ದಿನ ಇರೋ ಹಾಗೆ ಕಾಣಲ್ಲ. ನಿನಗೆ ಇದನ್ನು ಬರೆಯೋದು ಬೇಡ ಅಂತಿದ್ದೆ.

ರಫು ಕಿತ್ತಿದ್ದರೂ ಪರವಾಗಿಲ್ಲ, ಬೈಗುಳ ನಾನು ತಿಂತೀನಿ. ಒಂದು ಸಾಲು ಬರಿ.

ನಿನ್ನ ತಮ್ಮ

*

ಏಪ್ರಿಲ್ 9

ತಮ್ಮನಿಗೆ,

ಸಿಟ್ಟಿಲ್ಲ. ಕೂತುಕೊಂಡು ಓದು. ಹೆಂಡತಿಯನ್ನೂ ಕೂರಿಸಿಕೋ.

ನಿನ್ನ ಮಾರ್ಚ್ 25ರ ಕಾಗದ ಬರೋಕೆ ಒಂದು ದಿನ ಮುಂಚೆ ಬಿಸಿಲು ಬಂತು. ರಫು ಕೀಳೋಕೆ ಕೂತೆ. ಧೂಳು ಹೋದ ಮೇಲೆ ನೋಡಿದರೆ ಕೈಲಾಗದವರು ಹಾಕಿದ್ದಲ್ಲ ಅದು. ಮೇಲೊಂದು ಕೆಳಗೊಂದು ಬಿಟ್ಟು ಬಿಟ್ಟು ನೇಯ್ದ ಹಾಗಿದೆ. ಆದರೆ ನೂಲು ಮಾತ್ರ ನೂಲಿನ ಹಾಗಿಲ್ಲ, ಸಣ್ಣಗೆ, ಹೊಳಪು. ಸೂಜಿಯಲ್ಲಿ ಒಂದು ಎಳೆ ಎತ್ತಿದೆ. ಯಾವ ನೂಲು ಅಂತ ಗೊತ್ತಾಗದಿದ್ದರೆ ತುದಿ ಸುಟ್ಟು ನೋಡೋದು ಲಾಂಡ್ರಿಯಲ್ಲಿ ಕಲಿತದ್ದು. ಹತ್ತಿ ಆದರೆ ಕಾಗದ ಸುಟ್ಟ ವಾಸನೆ. ಬೆಂಕಿಕಡ್ಡಿ ಗೀರಿದೆ. ಸುರುಟಿಕೊಂಡಿತು. ಕೂದಲು ಸುಟ್ಟ ವಾಸನೆ ಬಂತು.

ತಮ್ಮಾ, ಅದು ಅಮ್ಮನ ಕೂದಲು.

ನೀನು ಹುಟ್ಟೋ ಮುಂಚಿನ ಮಾತು. ನಾನೂ ಅಣ್ಣನೂ ಯಾವ ಸ್ಟೇಷನ್ ಹಾಕಬೇಕು ಅಂತ ಕಿತ್ತಾಡಿ, ನನ್ನ ಕೈಲಿದ್ದ ಕತ್ತರಿ ತುದಿ ರೇಡಿಯೋ ಬಟ್ಟೆಗೆ ಹೋಯಿತು. ಅಪ್ಪ ನೋಡಿದರೆ ಇಬ್ಬರ ಚರ್ಮವೂ ಉಳಿಯಲ್ಲ. ಆ ಕಂದು ಬಣ್ಣದ ನೂಲು ಮನೆಯಲ್ಲಿರಲಿಲ್ಲ. ಅಮ್ಮ ಜಡೆ ಬಿಚ್ಚಿ ಕೂದಲು ಕಿತ್ತು ಕಿತ್ತು ಸೂಜಿಗೆ ಪೋಣಿಸಿದಳು. ಕೂದಲು ಜಾರುತ್ತೆ, ಗಂಟು ನಿಲ್ಲಲ್ಲ. ನಾನು ಹಲ್ಲಲ್ಲಿ ಕಚ್ಚಿ ಹಿಡಿದೆ, ಅವಳು ಗಂಟು ಹಾಕಿದಳು. ಅಣ್ಣ ಬಾಗಿಲಲ್ಲಿ ಕಾವಲು. ನೂಲು ಹಲ್ಲಲ್ಲಿ ಕಡಿಯೋ ಚಾಳಿ ನನಗೆ ಅವತ್ತಿಂದ ಬಂತು, ‘ಇಲಿ’ ಅಂತ ಅವನು ಕರೀತಿದ್ದ. ಅಪ್ಪನಿಗೆ ಸಾಯೋವರೆಗೂ ಆ ರಫು ಗೊತ್ತಾಗಲಿಲ್ಲ. ಗೊತ್ತಿದ್ದವರು ಮೂರೇ ಜನ. ಒಬ್ಬಳು ಹೋದಳು, ಒಬ್ಬಳು ನಾನು.

ಮಾರನೇ ದಿನ ನಿನ್ನ ಕಾಗದ ಬಂತು. ಹಲ್ಲಲ್ಲಿ ಕಡೀತಾರಾ ಅಂತ ಕೇಳಿದ ಅಂತ. ರಫು ಮುಟ್ಟಬಾರದು ಅಂದ ಅಂತ. ಗೋಡೆಗೆ ಹಣೆ ಕೊಟ್ಟು ಕೂತಿದ್ದ ಅಂತ. ಅರಳುಮರಳು ಅಂತ ಬೇರೆ ಬರೀತೀಯ. ಆಮೇಲೆ ಪೆನ್ನು ಹಿಡಿಯೋಕೆ ಆಗಲಿಲ್ಲ ನನಗೆ. ಬಾಗಿಲು ಹಾಕಿಕೊಂಡು ಅವನ ಫೋಟೋ ಕೆಳಗೆ ಕೂತೆ. ಮೇಲೆ ಅವನ ಹಣೆ, ಕೆಳಗೆ ಚೌಕಟ್ಟಲ್ಲಿ ಆ ಕಲೆ. ಎರಡು ದಿನ ಒಲೆ ಹಚ್ಚಲಿಲ್ಲ. ಸತ್ತವನು ಚೀಟಿ ಬರೆದಿದ್ದಾನೆ ಅಂತ ಒಂದು ಸಲ ಅನ್ನಿಸೋದು, ಸಾಯದೇ ಇದ್ದವನಿಗೆ ನಾವೇ ಮೊಳೆ ಹೊಡೆದು ಗೋಡೆಗೆ ಹಾಕಿದ್ದೀವಿ ಅಂತ ಇನ್ನೊಂದು ಸಲ. ಯಾವುದು ಹೆಚ್ಚು ಭಯ ಅಂತ ಹೇಳೋಕಾಗಲ್ಲ.

ಅವನು ಸತ್ತ ಅಂತ ಹೇಳಿದ್ದು ಯಾರು? ಅವನು ಕೆಲಸಕ್ಕಿದ್ದ ಕಾರ್ಖಾನೆಯಿಂದ ಬಂದವನೊಬ್ಬ. ಬೆಂಕಿ ಬಿತ್ತು, ಯಾರ ಗುರುತೂ ಸಿಗಲಿಲ್ಲ ಅಂದ. ಒಂದು ಟ್ರಂಕು ಇಳಿಸಿ ಹೋದ. ಎರಡು ಶರಟು, ಒಂದು ಬಾಚಣಿಗೆ. ರೇಡಿಯೋ ಎಲ್ಲಿ ಅಂತ ನಾನು ಕೇಳಿದೆ. ಹೆಣದ ಮನೆಯಲ್ಲಿ ರೇಡಿಯೋ ಕೇಳ್ತೀಯಾ ಅಂತ ಅಪ್ಪ ಕೆನ್ನೆಗೆ ಬಿಟ್ಟ. ಆಮೇಲೆ ಯಾರೂ ಕೇಳಲಿಲ್ಲ. ನಾನು ಮನಸ್ಸಿನಲ್ಲೇ ಕೇಳ್ತಿದ್ದೆ. ಹೊತ್ತುಕೊಂಡು ಓಡಿದವನು ಬೆಂಕಿಗೆ ಬಿಟ್ಟಿರ್ತಾನಾ?

ಸತ್ತವರ ಹಣೆಯಲ್ಲಿ ಜಿಡ್ಡು ಬರಲ್ಲ, ತಮ್ಮಾ. ಅದನ್ನು ಯಾರು ಬೇಕಾದರೂ ಬಂದು ಸುಳ್ಳು ಅನ್ನಲಿ ನೋಡೋಣ.

ಅಮ್ಮನ ಕಿವಿ ನನಗೆ ಬಂತು, ಅವನಿಗೂ ಬಂತು. ನಿನಗೆ ಬಂದದ್ದು ಅಪ್ಪನ ಮುಖ. ಕನ್ನಡಿ ನೋಡಿಕೋ, ಅದೇ ಹುಬ್ಬು, ಅದೇ ದವಡೆ, ಸಾಲದ್ದಕ್ಕೆ ಅದೇ ಮೀಸೆ ಬಿಟ್ಟಿದ್ದೀಯ. ಅವನು ಬಾಗಿಲಲ್ಲಿ ಎರಡು ಹೆಜ್ಜೆ ಹಿಂದೆ ಹೋದದ್ದು ಯಾಕೆ, ಕೈ ತಲೆಗೆ ಅಡ್ಡ ಹಿಡಿದದ್ದು ಯಾಕೆ, ಈಗ ತಿಳೀತಾ? ಆ ಮುಖದ ಮುಂದೆ ನಿಂತು ಅವನು ಬಾಯಿ ಬಿಡ್ತಾನಾ? ಆ ಮುಖ ನೋಡಿಯೇ ನೀನು ಯಾರು ಅಂತ ತಿಳಿದುಕೊಂಡಿರಬೇಕು. ಬಿಟ್ಟು ಓಡಬಹುದಿತ್ತು. ಓಡಲಿಲ್ಲ. ಬಟ್ಟೆ ಕಳಿಸಿದ.

ಬಟ್ಟೆ ಇದರ ಜೊತೆಗೇ ಕಳಿಸ್ತಿದ್ದೀನಿ. ಧೂಳು ಪೂರಾ ಹೋಗಿದೆ, ಚಿನ್ನದ ಎಳೆ ಹೊಳೀತಿದೆ, ಸ್ಪೀಕರಿನ ಕಪ್ಪು ತೆಗೆದಿದ್ದೀನಿ. ನೀನು ಹರಿದ ಅಂಚು ಸರಿ ಮಾಡಿದ್ದೀನಿ. ರಫಿನಲ್ಲಿ ಒಂದು ಎಳೆ ಸುಟ್ಟೆನಲ್ಲ, ಆ ಜಾಗಕ್ಕೆ ನನ್ನ ಕೂದಲು ಹಾಕಿದೆ. ಬೆಳ್ಳಗೆ ಕಾಣುತ್ತೆ. ಅಮ್ಮನದು ಇನ್ನೂ ಬಣ್ಣ ಬಿಟ್ಟಿಲ್ಲ, ನಂದು ಹಣ್ಣಾಗಿದೆ. ಇರಲಿ, ಅವನಿಗೆ ಗೊತ್ತಾಗಲಿ.

ಕಲೆಯನ್ನು ಹಾಗೇ ಬಿಟ್ಟಿದ್ದೀನಿ, ಗೊತ್ತಾದ ಮೇಲೆ ನೀರು ಕೂಡ ತಾಗಿಸಿಲ್ಲ. ಕೆಳಗಿನ ಪದರ ಅಮ್ಮನದು. ಮೇಲಿನದು ಅವನದ್ದಿತ್ತು, ಅದನ್ನು ನಾನೇ ಪುಡಿ ಹಾಕಿ ಎತ್ತಿ ಮೋರಿಗೆ ಚೆಲ್ಲಿದೆ. ಹೋಗಲಿ. ಬದುಕಿದ್ದಾನಲ್ಲ, ಮತ್ತೆ ಹಾಕಲಿ.

ಈಗ ನೀನು ಮಾಡಬೇಕಾದ್ದು. ಮೀಸೆ ಬೋಳಿಸು. ತಮಾಷೆ ಅಲ್ಲ. ಬಟ್ಟೆ ಅಂಟಿಸಿ ರೇಡಿಯೋ ಅವನ ಕೋಣೆಗೆ ಹೊತ್ತುಕೊಂಡು ಹೋಗು, ಬಾ ಅಂತ ಕರೆಸಬೇಡ. ಹೆಂಡತಿಯನ್ನು ಮುಂದೆ ಬಿಟ್ಟು ನೀನು ಹಿಂದೆ ಇರು. ರೇಡಿಯೋ ಅವನ ಹಣೆ ಎತ್ತರಕ್ಕೆ ಇಟ್ಟು ಆನ್ ಮಾಡು. ಅಣ್ಣ ಅಂತ ಕಾಲಿಗೆ ಬಿದ್ದು ನಾಟಕ ಮಾಡಬೇಡ, ಆ ಕೆಮ್ಮಿಗೆ ಎದೆ ಒಡೆದೀತು. ಡಾಕ್ಟರನ್ನು ಕರೆದುಕೊಂಡು ಹೋಗು. ಕಂಬಳಿ ತೆಗೆಸಿ ಕಿಟಕಿ ತೆರೆಸು.

ಇಷ್ಟು ವರ್ಷ ಯಾಕೆ ಬರಲಿಲ್ಲ ಅಂತ ಕೇಳಬೇಡ. ಆ ಪ್ರಶ್ನೆ ನಂದು. ನಾನೇ ಎದುರಿಗೆ ನಿಂತು ಕೇಳ್ತೀನಿ, ಬೈದು ಕೇಳ್ತೀನಿ, ಅವನಿಗೆ ಕೇಳಿಸದಿದ್ದರೂ ಸರಿ, ನನಗೆ ಕೇಳಿಸದಿದ್ದರೂ ಸರಿ.

ಇದರ ಜೊತೆ ಇನ್ನೊಂದು ಹಾಳೆ ಮಡಿಚಿ ಇಟ್ಟಿದ್ದೀನಿ. ಅದು ಅವನಿಗೆ, ನೀನು ಓದಿದರೂ ಪರವಾಗಿಲ್ಲ. ಒಂದೇ ಸಾಲು: ‘ಆ ರಫು ಯಾವುದರಲ್ಲಿ ಹಾಕಿದ್ದು?’ ನೀನು ಬಾಯಿ ಬಿಡಬೇಡ, ಸನ್ನೆ ಮಾಡಬೇಡ. ಉತ್ತರ ಅವನೇ ಬರೀಬೇಕು, ಅವನ ಕೈಯಲ್ಲಿ, ಆ ಸಾಲಿನ ಕೆಳಗೇ. ಸರಿಯಾಗಿ ಬರೆದರೆ ಫೋಟೋ ಇಳಿಸ್ತೀನಿ, ಇಳಿಸಿದ ದಿನವೇ ರೈಲು ಹತ್ತುತ್ತೀನಿ.

ಅವನು ಬರೆಯೋ ಸ್ಥಿತಿಯಲ್ಲಿ ಇಲ್ಲದಿದ್ದರೆ ಅದನ್ನೇ ಬರಿ. ಸುತ್ತಿ ಬಳಸಿ ಬರೀಬೇಡ, ನಿನ್ನ ಸುಳ್ಳು ನನಗೆ ಗೊತ್ತಾಗುತ್ತೆ.

ಏಪ್ರಿಲ್ ಇಪ್ಪತ್ತರ ಒಳಗೆ ಉತ್ತರ ನನ್ನ ಕೈಯಲ್ಲಿರಬೇಕು.

ಅಕ್ಕ